ಕಾಲು ಪಾಯಿಂಟಿನ ಗೆರೆ

ಅಪ್ಪಾ ಬಳವಂತ ಚೌಕದ ಹಿಂದೆ, ಏಳು ಮೆಟ್ಟಿಲು ಕೆಳಗೆ,
ಮಷೀನಿನ ಉಸಿರಿಗೆ ಗೋಡೆಯೂ ಬೆವರುವ ನೆಲಮಾಳಿಗೆ.
ಅಲ್ಲಿಗೆ ಬಂದಳು ಗುರುಬಾಯಿ,
ಚಪ್ಪಲಿ ಮೇಲಿನ ಮೆಟ್ಟಿಲಲ್ಲೇ ಬಿಟ್ಟು.
ಇದೇನು ಗುಡಿಯೇ ಎಂದು ನಾನು ಕೇಳುವ ಮೊದಲೇ
ಫೋನು ಮುಂದೆ ಚಾಚಿದಳು:
"ಇದರಾಗ ನಮ್ಮ ಲೋಗೊ ಐತಿ. ಇನ್ನೂರು ಕಾರ್ಡು ಬೇಕು."

ಒಂದು ಅಂಗೈ, ಅದರ ಕೆಳಗೊಂದು ರೊಟ್ಟಿ.
ಮಗಳ ಗೆಳತಿ ಬಿಡಿಸಿದ್ದಂತೆ. ವಾಟ್ಸಾಪಿನಲ್ಲಿ
ಅವರಿಂದ ಇವರಿಗೆ, ಇವರಿಂದ ಅವರಿಗೆ ದಾಟಿ ದಾಟಿ
ಹನ್ನೊಂದು ಕೆಬಿಗೆ ಬಂದು ನಿಂತಿತ್ತು,
ಒಗೆದು ಒಗೆದು ಬಣ್ಣ ಬಿಟ್ಟ ಕುಪ್ಪಸದ ಹಾಗೆ.

ಪರದೆಯ ಮೇಲೆ ಎಳೆದು ದೊಡ್ಡದು ಮಾಡಿದೆ.
ಬೆರಳುಗಳು ಮೆಟ್ಟಿಲಾದವು.
ಅಂಚಿನ ಸುತ್ತ ಬೂದು ಕಣಗಳು,
ಬೆಲ್ಲ ಬಿದ್ದಲ್ಲಿ ಇರುವೆ ಮುತ್ತಿದಂತೆ.
"ಇಲ್ಲಿ ಚಂದ ಕಾಣ್ತೈತಲ್ಲ?"
ಫೋನಿನೊಳಗೆ ಬೆಳಕಿದೆ ಅಕ್ಕಾ, ಎಂದೆ.
ಕಾಗದಕ್ಕೆ ತನ್ನದೇ ಬೆಳಕಿಲ್ಲ,
ಇಂಚಿಗೆ ಮುನ್ನೂರು ಚುಕ್ಕಿ ಎಣಿಸಿ ಇಸಿದುಕೊಳ್ಳುತ್ತದೆ.
ನಿನ್ನ ಹತ್ತಿರ ಇರುವುದು ಎಪ್ಪತ್ತೆರಡು.

"ಹಿಟ್ಟು ಕಮ್ಮಿ ಅಂತೀ," ಎಂದಳು.
"ನೀರು ಹಾಕಿ ನಾದಿದ್ರ ಹೆಚ್ಚಾಗೂದಿಲ್ಲ."
ನಾಲ್ಕು ವರ್ಷ ಗಿರಾಕಿಗಳಿಗೆ ಹೇಳಿ ಹೇಳಿ ಸೋತಿದ್ದೆ ಇದನ್ನು.

ಹೊಸದಾಗಿ ಬರೆಯಲು ಕೂತೆ.
ಬಿಂದುವಿನಿಂದ ಬಿಂದುವಿಗೆ ಬಳುಕಿಸಿ
ಎಷ್ಟು ಹಿಗ್ಗಿಸಿದರೂ ಒಡೆಯದ ಗೆರೆ.
ಬರೀ ಕಪ್ಪು. ನಾಲ್ಕೂ ಮಸಿ ಬೆರೆಸಿದ ಕಪ್ಪಲ್ಲ,
ಅದು ಕೂದಲೆಳೆ ಸರಿದರೂ ಸಣ್ಣಕ್ಷರಕ್ಕೆ ಕೆಂಪು ನೆರಳು ಅಂಟಿಸುತ್ತದೆ.
ಸುತ್ತ ಮೂರು ಮಿಲಿಮೀಟರ್ ಹೆಚ್ಚು, ಕತ್ತಿಯ ಪಾಲು.
ಹೆಸರನ್ನೂ ಗೆರೆಯಾಗಿ ಕರಗಿಸಿದೆ.
ಇಲ್ಲವಾದರೆ ನಮ್ಮ ಅಚ್ಚಿನ ಕಂಪ್ಯೂಟರು, ಮರಾಠಿಯಷ್ಟೇ ಬಲ್ಲದ್ದು,
ರೊಟ್ಟಿಯ ಒತ್ತಕ್ಷರ ಕಿತ್ತು ಪಕ್ಕಕ್ಕೆ ಎಸೆಯುತ್ತದೆ.
ಹೋದ ದೀಪಾವಳಿಗೆ ಒಬ್ಬ ಬಟ್ಟೆ ಅಂಗಡಿಯವನ ಅಪ್ಪನ ಹೆಸರು
ಹಾಗೇ ಕೈಕಾಲು ಬೇರೆಯಾಗಿ ಐನೂರು ಪ್ರತಿ ಆಗಿತ್ತು.

ಮೂರು ಗಂಟೆಗೆ ಕೈ ಸಿದ್ಧ.
ನುಣುಪು. ತುಂಬು ಬೆರಳು.
ಆಗಾಶೆ ಕಾಕಾ ಕನ್ನಡಕ ಏರಿಸಿ "ಛಾನ್" ಅಂದರು.
ಗುರುಬಾಯಿ ಬಹಳ ಹೊತ್ತು ನೋಡಿದಳು.
"ಇದು ಯಾರ ಕೈ?
ಇದು ಎಂದೂ ಹಂಚು ಮುಟ್ಟಿದ್ದಲ್ಲ. ಆಶೀರ್ವಾದ ಮಾಡೂ ಕೈ.
ನಂದು ಬಡಿಯೂ ಕೈ."

ಸ್ಕ್ಯಾನರಿನ ಮುಚ್ಚಳ ತೆರೆದೇ ಇತ್ತು.
ಬೇಡ ಅನ್ನುವಷ್ಟರಲ್ಲಿ ಬಲಗೈ ಗಾಜಿನ ಮೇಲೆ,
ಪರಾತದಲ್ಲಿ ಹಿಟ್ಟು ಒತ್ತುವ ಹಾಗೆ.
ಅದರಡಿ ಬೆಳಕು ನಿಧಾನ ನಡೆಯಿತು.

ಪರದೆ ತುಂಬ ಬಂತು:
ಹೆಬ್ಬೆರಳ ಬುಡದಲ್ಲಿ ಹಂಚಿನಂಚು ಬರೆದ ಅರ್ಧಚಂದ್ರ,
ತೋರುಬೆರಳಿನ ಸೀಳು, ಸೀಳಿನೊಳಗೆ ಜೋಳದ ಬಿಳಿ,
ಮತ್ತೆ ಗೆರೆ, ಗೆರೆ, ಲೆಕ್ಕವಿಲ್ಲದ ಗೆರೆ.

ಕಾರ್ಡಿನಲ್ಲಿ ಈ ಕೈಗೆ ಸಿಗುವ ಜಾಗ ಒಂದೂವರೆ ಸೆಂಟಿಮೀಟರ್.
ಕಾಲು ಪಾಯಿಂಟಿಗಿಂತ ಸಣ್ಣ ಗೆರೆ ಅಚ್ಚಿನಲ್ಲಿ ನಿಲ್ಲುವುದಿಲ್ಲ.
ಯಾವುದು ಇರಲಿ, ಯಾವುದು ಹೋಗಲಿ?
ಕೈ ನೋಡುವವನ ಹಾಗೆ ಒಂದೊಂದೇ ತೋರಿಸಿದೆ.
"ಇದು?"
"ಅದು ಆಯುಷ್ಯದ್ದಂತ. ತಗಿ, ಯಾರಿಗೆ ಬೇಕಾಗೇತಿ."
"ಇದು?"
"ಲಗ್ನದ್ದು." ನಕ್ಕಳು. "ಅದು ತಾನಾಗೇ ಅಳಿಸಿ ಹೋಗೇತಿ, ನೋಡು."
"ಈ ಸುಟ್ಟದ್ದು?"
"ಅದನ್ನ ದಪ್ಪ ಮಾಡು."

ಸಂಜೆ ಕತ್ತಿ ಬಿದ್ದ ಮೇಲೆ
ಹನ್ನೆರಡರ ಅಡಕಲು ಮಾಡಿ ಎಣಿಸಿದಳು, ರೊಟ್ಟಿ ಎಣಿಸಿದ ಹಾಗೇ,
ಎಂಟು ಉಳಿದವು; ಸರಿಯಾಯಿತು ಅಂದಳು.
ಒಂದನ್ನು ತೋಳುದ್ದ ದೂರ ಹಿಡಿದು ಕಣ್ಣು ಕಿರಿದಾಗಿಸಿ ನೋಡಿ
ಏನೂ ಹೇಳದೆ ಸೆರಗಿಗೆ ಗಂಟು ಹಾಕಿದಳು.
ಜನತಾ ವಸಾಹತಿನ ಏರಿಗೆ ಕತ್ತಲಾಗುವ ಮೊದಲು ಮುಟ್ಟಬೇಕಿತ್ತು,
ಹಾಸ್ಟೆಲಿನ ಅರವತ್ತು ರೊಟ್ಟಿ ಬಾಕಿ.

ಮಾರನೆಯ ಬೆಳಿಗ್ಗೆ ವಕೀಲ ಪರಾಂಜಪೆಯವರ ತಕ್ಕಡಿ ಸ್ಕ್ಯಾನು ಮಾಡಿದರೆ
ಕಪ್ಪು ತಟ್ಟೆಯ ತುಂಬ ಬಿಳಿ ಚುಕ್ಕಿ.
ಧೂಳೆಂದು ಒಂದೊಂದೇ ಅಳಿಸಿದೆ. ಮತ್ತೆ ಸ್ಕ್ಯಾನು ಮಾಡಿದೆ. ಮತ್ತೆ ಬಂದವು.
ಗಾಜಿಗೆ ಬೆರಳಿಟ್ಟು ನೋಡಿದೆ.
ಹಿಟ್ಟು.
ಕಾಕಾ ಮೆಟ್ಟಿಲಿಳಿಯುವ ಸದ್ದು.
ಅಂಗಿಯ ತುದಿಯಿಂದ ಒರೆಸಿದೆ.