ಹಿಂಡಿ ಹೇಳುವುದು

ಚಳ್ಳಕೆರೆ, ಮಿಲ್ಲಿನ ಬಾಗಿಲ ಮೇಲೆ
ಸೀಮೆಸುಣ್ಣದ ಪಾಳಿ:
ಓಬಕ್ಕ, ಅರ್ಧ ಚೀಲ ಶೇಂಗಾ.
ದಾದಾಪೀರ, ಹನ್ನೆರಡು ಮೂಟೆ.
ಕೆಳಗೆ ಸೊಸೈಟಿಯ ಲೋಡು.

ಒಳಗೆ ಸ್ಕ್ರೂ ಸವೆಯುತ್ತಿದೆ.
ಹೋದ ವಾರ ತಾಸಿಗೆ ನಾಲ್ಕು ಮೂಟೆ,
ಈಗ ಮೂರಕ್ಕೇ ಏದುಸಿರು.
ಮೀಟರು ಬಾಯಿ ಬಿಡುವುದಿಲ್ಲ,
ಹಿಂಡಿ ಬಿಡುತ್ತದೆ:
ಚೂರು ಮುರಿದು ಉಜ್ಜಿದರೆ
ಹೆಬ್ಬೆರಳು ಮಿನುಗುತ್ತದೆ.
ಯಾರದೋ ಮನೆಯ ಒಗ್ಗರಣೆ
ಎಮ್ಮೆಯ ಪಾಲು.

'ಇನ್ನೊಂದು ಲೋಡು ಎಳೀತದೆ ಬಿಡೋ'
ಅಂದರು ಸಾಹುಕಾರರು.
ಎಳೆಯುತ್ತದೆ.
ಪಾಳಿಯ ಕೊನೆಯವನ ಎಣ್ಣೆ ಕುಡಿದು
ಎಳೆಯುತ್ತದೆ.

ಓಬಕ್ಕನ ಡಬ್ಬಿ ತುಂಬಿಸಿ ಕಳಿಸಿದೆ.
ಬೆಲ್ಟು ಕಳಚಿದೆ.
ದಾದಾಪೀರನ ಹೆಸರಿನ ನೆತ್ತಿಯ ಮೇಲೆ
ಇದ್ದಷ್ಟು ಜಾಗದಲ್ಲಿ ಬರೆದೆ:
ಎಕ್ಸ್‌ಪೆಲ್ಲರ್, ಮಧ್ಯಾಹ್ನದವರೆಗೆ.

ಅವನು ಅಕ್ಷರ ಕೂಡಿಸಿ ಓದಿ,
ಮೂಟೆಗೆ ಒರಗಿ,
ಬೀಡಿ ಹಚ್ಚಿ ಕೇಳಿದ:
'ಇವರದು ಎಷ್ಟು ಚೀಲ?'