ಹಿಂದಿನ ಪುಟ

ಪಾಂಡವಪುರದ ಈಚೆ, ನಾಲೆ ಏರಿ ಪಕ್ಕ ನಮ್ಮ ಡೇರಿ.
ಬೆಳಗ್ಗೆ ಆರಕ್ಕೆ ಬಾಗಿಲು ತೆಗೀತೀನಿ.
ಎಪ್ಪತ್ತೆರಡು ಮನೆ,
ಯಾರ ಹಾಲು ಎಷ್ಟು ಲೀಟರು, ಫ್ಯಾಟು ಎಷ್ಟು,
ಎಲ್ಲ ನನ್ನ ಕೈಬರಹ.

ಅದೇ ರಿಜಿಸ್ಟರಿನ ಹಿಂದಿನ ಪುಟದಲ್ಲಿ
ನನ್ನದೂ ಒಂದು ಖಾತೆ.
ಮಗಳು ಸಿಂಚನಳಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ.
ದಿನಕ್ಕೊಂದು ಲೆಕ್ಕ ಬಿಡಿಸಿದರೆ ಒಂದು ಗೀಟು,
ನಾಲ್ಕರ ಮೇಲೆ ಐದನೆಯದು ಅಡ್ಡ,
ಕಬ್ಬಿನ ಹೊರೆಗೆ ಸೋಗೆ ಸುತ್ತಿ ಬಿಗಿದ ಹಾಗೆ.

ಮಾರ್ಚಿಗೆ ಪರೀಕ್ಷೆ.
ಇಪ್ಪತ್ತೆರಡು ವರ್ಷದ ಹಿಂದೆ
ಗಣಿತದ ಹನ್ನೊಂದು ನಂಬರಿಗೆ ನಿಂತುಹೋದ ಓದು.

ಹೋದ ವಾರ ಹಸು ಕರು ಹಾಕೋಕೆ
ರಾತ್ರಿಯೆಲ್ಲ ತಿಣುಕಿತು. ಮಾರನೇ ದಿನ ನನಗೆ ಜ್ವರ.
ಉಳಿದೆರಡು ದಿನ, ಸುಳ್ಳು ಯಾಕೆ,
ಸುಮ್ಮನೆ ಸೋಮಾರಿತನ.

ಪೆನ್ನು ಹಿಡಿದು ಕೂತೆ.
ನಾಲ್ಕು ಗೀಟು ಎಳೆಯೋಕೆ ಎಷ್ಟು ಹೊತ್ತು?
ಯಾರು ಕೇಳ್ತಾರೆ?

ಅಷ್ಟರಲ್ಲಿ ದ್ಯಾವಮ್ಮ ಕ್ಯಾನು ಇಟ್ಟಳು.
ಲ್ಯಾಕ್ಟೋಮೀಟರು ಕುತ್ತಿಗೆವರೆಗೂ ಮುಳುಗಿತು.
“ನೀರು ಹಾಕಿಲ್ಲ ಕಣವ್ವ, ಬರ್ತಾ ದಾರೀಲಿ
ಎರಡು ಹನಿ ಮಳೆ ಬಿತ್ತು.”
ಇಬ್ಬರೂ ಆಕಾಶ ನೋಡಿದೆವು.
ಒಂದು ಮೋಡ ಇರಲಿಲ್ಲ.
ನಕ್ಕೆ. ಇದ್ದದ್ದನ್ನೇ ಬರೆದೆ.

ಆಮೇಲೆ ಹಿಂದಿನ ಪುಟ ತಿರುಗಿಸಿ
ನಾಲ್ಕು ಸೊನ್ನೆ ಹಾಕಿದೆ, ದುಂಡಗೆ,
ನಮ್ಮತ್ತೆ ಗೋಡೆಗೆ ಬೆರಣಿ ತಟ್ಟಿದ ಹಾಗೆ.

ಇವತ್ತು ಒಂದು ಗೀಟು.
ಶಂಕುವಿನ ಘನಫಲ, ಮುಕ್ಕಾಲು ಗಂಟೆ.
ಉತ್ತರ ತಪ್ಪಂತೆ.
ಸಿಂಚನ ಕೆಂಪು ಪೆನ್ನು ಹುಡುಕುತ್ತಿದ್ದಾಳೆ.