ಙ

ಮಗ್ಗಿಯ ಹಾಗೆ ಒಪ್ಪಿಸಿದ್ದೇವೆ: ಕ ಖ ಗ ಘ ಙ.
ಗೋಡೆಯ ಪಟದಲ್ಲಿ ಕಮಲ, ಖಡ್ಗ, ಗಡಿಯಾರ, ಘಂಟೆ.
ಐದನೆಯ ಚೌಕ ಖಾಲಿ.
ಅದರಿಂದ ಶುರುವಾಗುವ ಮಾತು ನಮ್ಮಲ್ಲಿಲ್ಲ, ಅಂದಿದ್ದರು ಮೇಷ್ಟ್ರು.

ನ್ಯೂಜಿಲೆಂಡಿನ ಪಡುಗಡಲ ದಂಡೆಯಲ್ಲಿ, ಗ್ರೇಮೌತ್ ಎಂಬ ಊರಲ್ಲಿ
ಅದು ಒಬ್ಬ ಹೆಂಗಸಿನ ಹೆಸರಿನ ಮೊದಲಕ್ಷರ.
ಙಾಹುಯಾ.
ಮುಚ್ಚಿಹೋದ ಔಷಧದಂಗಡಿಯ ಮಹಡಿಯ ಮೇಲೆ
ಎರಡು ಕುರ್ಚಿ, ಒಂದು ಹೀಟರು,
ಇಬ್ಬರಿಗೂ ಕಾಣುವ ಹಾಗೆ ಒಂದು ಗಡಿಯಾರ.

ಹದಿನೈದು ದಿನಕ್ಕೊಮ್ಮೆ, ಗುರುವಾರ, ಡೆಕ್ಲನ್ ಬರುತ್ತಾನೆ.
ಮಕ್ಕಳು ಕ್ಷೇಮವೇ ಎಂದು ಮನೆಮನೆಗೆ ಹೋಗಿ ನೋಡುವುದು
ಎಂಟು ವರ್ಷದಿಂದ ಅವನ ಕೆಲಸ.
ಹೊರಗೆ ನದಿಯ ಕಣಿವೆಯಿಂದಿಳಿಯುವ ಚಳಿಗಾಳಿ.
ಊರವರು ಅದನ್ನು ಕ್ಷೌರಿಕ ಅನ್ನುತ್ತಾರೆ,
ಕೆನ್ನೆ ಹೆರೆಯುತ್ತದೆ.

ಹಿಂದಿದ್ದ ಮೇಲ್ವಿಚಾರಕ ಕೆಟ್ಟವನೇನಲ್ಲ.
ಫೋನಿನಲ್ಲಿ ಕೇಳುತ್ತಿದ್ದ: ಎಷ್ಟು ಬಾಕಿ? ಏಳನೇ ಫಾರಂ ಆಯಿತಾ?
ಆಯಿತು ಅಂದರೆ ಆಯಿತು.
ಆ ವರ್ಷವೆಲ್ಲ ಡೆಕ್ಲನ್ ಕಾರಿನಲ್ಲೇ ಊಟ ಮಾಡಿದ,
ರಾತ್ರಿ ಎದ್ದು ತನ್ನ ಮಗಳ ಹಾಲಿನ ಬಾಟಲು ಮೂಸಿ ನೋಡಿದ.
ಹೆಂಡತಿ ಕಂಡಳು. ಏನೂ ಅನ್ನಲಿಲ್ಲ.

ಇವತ್ತು ವರದಿ ಓದುತ್ತಾನೆ:
ಮನೆ ಬೆಚ್ಚಗಿದೆ. ಫ್ರಿಜ್ಜಿನಲ್ಲಿ ಹಾಲಿದೆ.
ಮಗು ಮಲಗಿದೆ ಅಂದರು ಅಜ್ಜಿ. ಟೀ ಕೊಟ್ಟರು.
ಆತಂಕಕ್ಕೆ ಕಾರಣವಿಲ್ಲ. ಸಹಿ.

"ಟೀ ಹೇಗಿತ್ತು?"

ಇದೆಂಥ ಪ್ರಶ್ನೆ ಅಂತ ನಗುತ್ತಾನೆ.
ಸಿಹಿ. ಮೂರು ಚಮಚವಾದರೂ ಇತ್ತು. ಪೂರ್ತಿ ಕುಡಿದೆ.
"ನೀನು ಸಕ್ಕರೆ ಹಾಕಿಕೊಳ್ಳುವವನಲ್ಲ."
ಅಲ್ಲ.
ಹೀಟರು ಟಿಕ್ ಅನ್ನುತ್ತದೆ.
ನಮ್ಮಜ್ಜಿ ಹಾಗೆ ಮಾಡುತ್ತಿದ್ದಳು, ಅನ್ನುತ್ತಾನೆ,
ಗಣಿಯಿಂದ ಬಂದ ತಾತನಿಗೆ. ತಾತ ಹೋದ ಮೇಲೆ ನನಗೆ.

ಅವಳು ಬರೆದುಕೊಳ್ಳುವುದಿಲ್ಲ. ತಪ್ಪು ಅನ್ನುವುದಿಲ್ಲ,
ಪಾಪ ಅನ್ನುವುದೂ ಇಲ್ಲ.
ನಾಲಗೆಯ ಬುಡ ಗಂಟಲ ಬಾಗಿಲಿಗೆ ಒತ್ತಿ
ಉಸಿರು ಮೂಗಿನಿಂದಷ್ಟೇ ಹೊರಬೀಳುವ ಸದ್ದು ಅದು, ಙ;
ಬಾಯಿ ತೆರೆದೇ ಇರುತ್ತದೆ,
ಮಾತು ಇನ್ನೂ ಬಂದಿರುವುದಿಲ್ಲ.
ಅಷ್ಟು ಹೊತ್ತು ಅವಳು ಅವನ ಜೊತೆ ಕೂತಿರುತ್ತಾಳೆ.

ಮಗು ಮಲಗಿದ್ದನ್ನು ನಾನು ನೋಡಲಿಲ್ಲ.

ಬಾಗಿಲು ಹಾಕಿತ್ತು. ತೆಗೆಯಿರಿ ಅನ್ನೋಕೆ ಬಾಯಿ ಬರಲಿಲ್ಲ.
ಕೈಯಲ್ಲಿ ಕಪ್ಪಿತ್ತು.

ಆಗ ಅವಳು ಗಡಿಯಾರ ನೋಡುತ್ತಾಳೆ, ಮೊದಲ ಸಲ.
"ನಾಲ್ಕೂವರೆ. ಈಗಲೇ ಹೋಗು.
ಜೊತೆಗೆ ಯಾರು ಬರಬೇಕು ಹೇಳು, ನಾನು ಕರೆಸುತ್ತೇನೆ.
ಮುಗಿದ ಮೇಲೆ ಫೋನ್ ಮಾಡು, ಎಷ್ಟು ಹೊತ್ತಾದರೂ."
ಅವನ ಕೋಟಿನ ಒಂದು ತೋಳು ತಿರುಗುಮುರುಗಾಗಿತ್ತು.
ಅದನ್ನೂ ಸರಿಮಾಡಿ ಕಳಿಸಿದಳು.

ಬಾಗಿಲ ಹಿಂದೆ ಏನಿತ್ತು ಎಂದು ಈ ಪದ್ಯ ಹೇಳುವುದಿಲ್ಲ.
ಅದು ಕಡತದಲ್ಲಿದೆ, ಕಡತಕ್ಕೆ ಬೀಗವಿದೆ.
ರಾತ್ರಿ ಒಂಬತ್ತೂ ಹತ್ತಕ್ಕೆ ಫೋನು ಬಂತು.
ಅವಳು ಕೇಳಿಸಿಕೊಂಡಳು,
ಒಲೆಯ ಮೇಲಿಟ್ಟ ಸೂಪು ತಳ ಹಿಡಿಯುವವರೆಗೆ.

ಸೋಮವಾರ ಅವಳೇ ಕಾರು ಹತ್ತಿ
ಹೊಕಿಟಿಕಾಗೆ ಹೋದಳು.
ಅಲ್ಲಿ ಎಪ್ಪತ್ತು ದಾಟಿದ ಒಬ್ಬಾಕೆ, ಮಂಡಿನೋವು, ಕಿವಿ ಮಂದ,
ಎದುರಿಗೊಂದು ಖಾಲಿ ಕುರ್ಚಿ.
ಙಾಹುಯಾ ಕೂತಳು. ಬಾಯಿ ತೆರೆದಳು.
ಏನೂ ಬರಲಿಲ್ಲ.

ಮುದುಕಿ ಕಿವಿಯ ಯಂತ್ರವನ್ನು
ಇನ್ನೊಂದು ಅಂಕೆ ಏರಿಸಿದಳು.